ಹೊತ್ತು ಮುಳುಗುವಾಗಿನ ಕ್ಲಾಸು

ಜಿನ್ನವ್ವನಿಗೆ ಸೊಸೆಯ ಫೋಟೊ ಕ್ಲಾಸಿನ ಮೇಲೆ ಸಿಟ್ಟು ಹತ್ತಿದ್ದು ಹೀರೇಕಾಯಿ ಕಾಣೆಯಾದ ದಿನ.

ಬೆಳಿಗ್ಗೆ ಹುಕ್ಕೇರಿ ಪೇಟೆಯಲ್ಲಿ ಉಗುರು ಚುಚ್ಚಿ ಎಳೇವು ಹೌದೋ ಅಲ್ಲವೋ ನೋಡಿ, ಕಾಯಿಪಲ್ಲೆ ಮಾರುವವಳ ಕೈಲಿ ಬೈಸಿಕೊಂಡು ತಂದ ಹೀರೇಕಾಯಿ. ಸಂಜೆಯ ಪಲ್ಲೆಗೆಂದು ಈಳಿಗೆಮಣೆ ಹಾಕಿಕೊಂಡು ಕುಂತು ಬುಟ್ಟಿಗೆ ಕೈ ಹಾಕಿದರೆ ಬುಟ್ಟಿ ಖಾಲಿ.

"ಹೀರೀಕಾಯಿ ಎಲ್ಲೆ ಹೋದವು?" ಎಂದು ಕೂಗಿದಳು.

ಪಡಸಾಲೆಯಲ್ಲಿ ಪೇಪರು ಹಿಡಿದು ಕುಂತಿದ್ದ ಗಂಡ ಕುಂಥುನಾಥ ಕನ್ನಡಕದ ಮೇಲಿಂದ ನೋಡಿ, "ಮ್ಯಾಲೆ ಹೋದವು" ಎಂದ.

"ಮ್ಯಾಲೆ ಅಂದ್ರ?"

"ಮ್ಯಾಲೆ ಅಂದ್ರ ಮ್ಯಾಲೆ. ತೃಪ್ತಿ ಕ್ಲಾಸಿಗೆ."

"ಹೀರೀಕಾಯಿ ಏನ್ ಕಲ್ಯಾಕ ಹೋದವು ಅಲ್ಲೆ?"

ಕುಂಥುನಾಥ ಉತ್ತರ ಕೊಡಲಿಲ್ಲ. ಜೀವಮಾನವೆಲ್ಲ ಕಿರಾಣಿ ಅಂಗಡಿ ನಡೆಸಿ, ಈಗ ಅದನ್ನು ಬಾಡಿಗೆಗೆ ಕೊಟ್ಟು ಮನೆಯಲ್ಲಿ ಕುಂತ ಮೇಲೆ, ಕೊಡಬೇಕಾದ ಉತ್ತರಗಳನ್ನೆಲ್ಲ ಗಿರಾಕಿಗಳಿಗೇ ಕೊಟ್ಟು ಮುಗಿಸಿದ್ದೇನೆ ಎಂದು ಅವನು ತಿಳಿದಿದ್ದ.

ಮೊಣಕಾಲು ಹಿಡಿದುಕೊಂಡು ಜಿನ್ನವ್ವ ಮಾಳಿಗೆ ಹತ್ತಿದಳು. ಸೊಸೆ ತೃಪ್ತಿ ಕಿಟಕಿಯ ಹತ್ತಿರ ಕರಿ ಬಟ್ಟೆ ಹಾಸಿ, ಅದರ ಮೇಲೆ ಹೀರೇಕಾಯಿಗಳನ್ನು ಹಸುಗೂಸಿನ ಹಾಗೆ ಮಲಗಿಸಿದ್ದಳು. ಎದುರಿಗೆ ತೆರೆದ ಲ್ಯಾಪ್‌ಟಾಪಿನಲ್ಲಿ ಸಣ್ಣ ಸಣ್ಣ ಚೌಕದೊಳಗೆ ಒಂದಿಷ್ಟು ಮಂದಿ ಕುಂತಿದ್ದರು. "ನೋಡ್ರಿ, ಬೆಳಕ ಎದುರಿಂದ ಬಿದ್ರ ಹೀರೀಕಾಯಿ ಚಪ್ಪಟಿ ಕಾಣತೈತಿ," ಎಂದು ಹೇಳುತ್ತಿದ್ದಳು ತೃಪ್ತಿ. "ಬಾಜೂದಿಂದ ಬಿದ್ರ ಅದರ ಒಂದೊಂದ ಏಣೂ ಎದ್ದ ಕಾಣತೈತಿ. ಈಗ ನಿಮ್ಮ ಮನ್ಯಾಗ ಏನೈತಿ ಅದನ್ನ ಕಿಡಕಿ ಬಾಜೂ ಇಟ್ಟ, ಒಂದ ಫೋಟೊ ತಗದ ಕಳಸ್ರಿ. ಎಲ್ಲಾರದೂ ಕೂಡೇ ನೋಡೋಣು."

"ತೃಪ್ತಿ, ಪಲ್ಯಾಕ ಬೇಕ ಅವು," ಎಂದಳು ಜಿನ್ನವ್ವ ಬಾಗಿಲಲ್ಲಿ ನಿಂತು.

"ಹತ್ತ ಮಿನಿಟ್ ಅತ್ತಿ."

"ಹತ್ತ ಮಿನಿಟಿಗೆ ಹೊತ್ತ ಎಲ್ಲಿ ಮಟಾ ಇಳೀತೈತಿ ಗೊತ್ತೈತಿಲ್ಲೋ ನಿನಗ?"

ಲ್ಯಾಪ್‌ಟಾಪಿನೊಳಗಿಂದ ಒಬ್ಬ ಗಂಡಸು, "ಮೇಡಮ್, ಅವ್ವಾರಿಗೆ ಹೀರೀಕಾಯಿ ಕೊಟ್ಟ ಬಿಡ್ರಿ. ನಮಗ ತಿಳೀತು" ಎಂದ. ಉಳಿದವರೆಲ್ಲ ನಕ್ಕರು. ತನ್ನ ಮಾತು ಅಲ್ಲಿಯವರೆಗೂ ಹೋಗಿ ಮುಟ್ಟುತ್ತದೆ ಎಂದು ಗೊತ್ತಿರದ ಜಿನ್ನವ್ವ ಸೆರಗು ಸರಿ ಮಾಡಿಕೊಂಡು, ಹೀರೇಕಾಯಿ ಬಾಚಿಕೊಂಡು, ಬಂದದ್ದಕ್ಕಿಂತ ಜೋರಾಗಿ ಕೆಳಗಿಳಿದಳು.

ಜಗಳದ ಬೇರು ಹೀರೇಕಾಯಿಯಲ್ಲ, ಸೂರ್ಯ. ಆ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಯಾರೂ ಉಣ್ಣುವುದಿಲ್ಲ. ಜೈನರ ಮನೆ, ಜಿನ್ನವ್ವನ ತಾಯಿ ಹಾಗೆ, ಅತ್ತೆ ಹಾಗೆ, ಈಗ ಅವಳು ಹಾಗೆ. ಗಡಿಯಾರ ನೋಡುವ ಮಾತೇ ಇಲ್ಲ. ಅಂಗಳದ ಎದುರುಗೋಡೆಯ ಮೇಲಿನ ಬಿಸಿಲು ಅರ್ಧಕ್ಕೆ ಏರಿತೆಂದರೆ ತಾಟು ಹಾಕಬೇಕು, ಹಂಚಿನ ತುದಿ ಮುಟ್ಟಿತೆಂದರೆ ಕೈ ತೊಳೆಯಬೇಕು. ಕಬ್ಬಿನ ಹಂಗಾಮಿನ ದಿನಗಳಲ್ಲಂತೂ ಸೂರ್ಯನಿಗೆ ಎಲ್ಲಿಲ್ಲದ ಅವಸರ. ತೃಪ್ತಿಗೆ ಬೇಕಾದದ್ದೂ ಗೋಡೆಯ ಮೇಲಿನ ಅದೇ ಬಿಸಿಲು. ಮದುವೆಗೆ ಮುಂಚೆ ಮೂಡಲಗಿಯಲ್ಲಿ ಸೋದರಮಾವನ ಜೊತೆ ಮದುವೆ ಮುಂಜಿಗಳ ಫೋಟೊ ತೆಗೆದು ಪಳಗಿದವಳು ಅವಳು. ಇಲ್ಲಿಗೆ ಬಂದ ಮೇಲೆ, ಕ್ಯಾಮೆರಾ ಎಂದರೆ ಏನೆಂದೇ ಗೊತ್ತಿಲ್ಲದವರಿಗೆ ಮೊಬೈಲಿನಿಂದ ಶುರು ಮಾಡಿ ಕನ್ನಡದಲ್ಲೇ ಆನ್‌ಲೈನ್ ಪಾಠ ಹೇಳತೊಡಗಿದಳು. ಸೋಮವಾರ, ಬುಧವಾರ, ಶುಕ್ರವಾರ, ಸಂಜೆ ಐದಕ್ಕೆ. ಪಾಠ ಹೇಳುವುದು, ಅವರು ಅಲ್ಲೇ ತೆಗೆದು ಕಳಿಸುವುದು, ತಪ್ಪಿದ್ದನ್ನು ಎಲ್ಲರೂ ಕೂಡಿ ಹೇಳುವುದು.

ಆ ದಿನ ಹೀರೇಕಾಯಿ ಪಲ್ಲೆ ಅರೆಬೆಂದೇ ತಾಟಿಗೆ ಬಿತ್ತು. ಮರುದಿನ ರೊಟ್ಟಿ ಬಡಿಯುತ್ತ ಜಿನ್ನವ್ವ ಮಾತು ತೆಗೆದಳು.

"ಮುಂಜಾನಿ ಮಾಡು ನಿನ್ನ ಕ್ಲಾಸ್."

"ಮುಂಜಾನಿ ಯಾರ ಬರ್ತಾರ್ರಿ ಅತ್ತಿ? ಒಬ್ಬರ ಎಮ್ಮಿ ಹಿಂಡೂದೈತಿ, ಒಬ್ಬರ ಸಾಲಿ ಡಬ್ಬಿ ಕಟ್ಟೂದೈತಿ."

"ಮಧ್ಯಾಹ್ನ ಮಾಡು."

"ಮಧ್ಯಾಹ್ನದ ಬಿಸಲ ನೆತ್ತಿ ಮ್ಯಾಲಿಂದ ಬೀಳತೈತ್ರಿ. ಕಣ್ಣಾಗ ಕರೀ ನೆಳ್ಳ ಬಿದ್ದ, ಎಂಥಾ ಚೆಲುವೀನ್ನ ನಿಂದ್ರಸಿದ್ರೂ ದೆವ್ವ ಆಗ್ತಾಳ. ಸಂಜಿ ಬೆಳಕ ದಿನಕ್ಕ ಒಮ್ಮೆ ಬರೂದ್ರಿ."

"ಹಸಿವಿ ಸಹಿತ ಬರತೈತಿ," ಎಂದು ಜಿನ್ನವ್ವ ಒಂದು ಏಟು ಜೋರಾಗಿಯೇ ಬಡಿದಳು.

"ಅದನ್ನ ಹೇಳಬೇಕಂತ ಇದ್ದೆ ಅತ್ತಿ. ಕ್ಲಾಸಿದ್ದಾಗ ರೊಟ್ಟಿ ಸ್ವಲ್ಪ ಮೆತ್ತಗ ಬಡೀತೀರೇನ್ರಿ? ಅವರಿಗೆಲ್ಲಾ ಕೇಳಸತೈತಿ. ನಿಡಸೋಸಿ ಉಮೇಶ, ಮನಿಯಾಗ ಏನರ ಕಟ್ಟಾಕತ್ತೀರೇನ್ರಿ ಅಂತ ಕೇಳಿದ."

"ಮೆತ್ತಗ ಬಡದ್ರ ಅದು ರೊಟ್ಟಿ ಆಗಂಗಿಲ್ಲ, ಕಣಕ ಆಗತೈತಿ."

ಕೊನೆಗೆ ಕ್ಲಾಸಿನ ದಿನ ಚಪಾತಿ ಎಂದಾಯಿತು, ಅದನ್ನು ಲಟ್ಟಿಸಿದರೆ ಸಪ್ಪಳವಿಲ್ಲ. ಎರಡನೆಯ ಚಪಾತಿಯ ದಿನವೇ ಕುಂಥುನಾಥ, "ವಾರದಾಗ ಮೂರ ದಿನ ಜ್ವರ ಬಂದವನ ಊಟ ಆತಲ್ಲ ಇದು" ಎಂದು ಗೊಣಗಿದ. ಅವನ ಗೊಣಗಾಟ ನಿಲ್ಲಿಸಲೆಂದೋ ಏನೋ, ಮುಂದಿನ ವಾರ ಮುಖದ ಫೋಟೊ ಹೇಗೆ ತೆಗೆಯಬೇಕೆಂಬ ಪಾಠಕ್ಕೆ ತೃಪ್ತಿ ಅವನನ್ನೇ ಕರೆದಳು.

ಕುಂಥುನಾಥ ಅಂದು ಮಧ್ಯಾಹ್ನದಿಂದಲೇ ತಯಾರಾದ. ಕರಿ ಕೋಟು ಹಾಕಿದ, ಟೊಪ್ಪಿಗೆ ಇಟ್ಟ, ಮೀಸೆಗೆ ಎಣ್ಣೆ ಹಚ್ಚಿದ. ಕಿಟಕಿಯ ಪಕ್ಕ ಕುರ್ಚಿಯಲ್ಲಿ ಅವನನ್ನು ಕೂರಿಸಿ, "ಈಗ ನೀವ ಹೇಳ್ರಿ, ನಮ್ಮ ಮಾಮಾರನ್ನ ಎತ್ತ ತಿರಗಸಲಿ?" ಎಂದು ತೃಪ್ತಿ ಕೇಳಿದ್ದೇ ತಡ, ಎಲ್ಲ ಚೌಕಗಳಿಂದಲೂ ಅಪ್ಪಣೆಗಳು ಬರತೊಡಗಿದವು. ಗದ್ದ ಮೇಲೆ. ಭುಜ ಕೆಳಗೆ. ಕಿಟಕಿ ಕಡೆ ನೋಡ್ರಿ ಕಾಕಾ. ಅಷ್ಟಲ್ಲ. ಹತ್ತರಗಿಯಲ್ಲಿ ಹೆದ್ದಾರಿಯ ಬಾಜೂ ಖಾನಾವಳಿ ಇಟ್ಟಿದ್ದ ದುಂಡೇಶ, ಹೀರೇಕಾಯಿಯ ಪರವಾಗಿ ಅಂದು ಮಾತಾಡಿದವನು ಅವನೇ, "ಕಾಕಾರ ಹಿಂದಿನ ಕ್ಯಾಲೆಂಡರ್ ತಗೀರಿ ಮೇಡಮ್, ತಲೀ ಮ್ಯಾಲೆ ಕೋಡ ಬಂದಂಗ ಕಾಣತೈತಿ" ಎಂದ. ಇಳಿಬಿಸಿಲು ಬೆಚ್ಚಗೆ ಮುಖದ ಮೇಲೆ ಬೀಳುತ್ತಿತ್ತು. ಅಪ್ಪಣೆಗಳು ಮುಗಿಯಲಿಲ್ಲ. ಕುಂಥುನಾಥನ ಕಣ್ಣು ಮುಚ್ಚಿದವು.

ಸ್ವಲ್ಪ ಹೊತ್ತಿಗೆ ದುಂಡೇಶ, "ಮೇಡಮ್, ನಿಮ್ಮಲ್ಲೆ ಯಾರರ ಮೋಟಾರ್ ಚಾಲೂ ಮಾಡ್ಯಾರೇನ್ರಿ?" ಎಂದು ಕೇಳಿದ.

ಕೆಳಗೆ ಜಿನ್ನವ್ವ ತಾಟು ಹಾಕಿಕೊಂಡು ಕಾದೇ ಕಾದಳು. ಬಿಸಿಲು ಹಂಚಿನ ತುದಿ ಮುಟ್ಟಿತು. ಮೇಲೆ ಹೋಗಿ ಗಂಡನ ಭುಜ ಹಿಡಿದು ಅಲುಗಿಸಿ, ಎಲ್ಲರ ಕಣ್ಣೆದುರು ಎಬ್ಬಿಸಿ ಕರೆತಂದಳು. ಕೋಟು ಟೊಪ್ಪಿಗೆಯಲ್ಲೇ ಅವನು ಎರಡು ಚಪಾತಿ ಗಬಗಬ ತಿಂದ. ತೃಪ್ತಿ ಬರಲಿಲ್ಲ.

"ಗುಂಡಿ ಒತ್ತೂದನ್ನ ಕಲಸಾಕ ಫೀಸ್ ತಗೋತಾಳ," ಎಂದಳು ಜಿನ್ನವ್ವ. "ಗುಂಡಿ ಒತ್ತಾಕ ಏನ್ ಕಲೀಬೇಕ್ರಿ? ಕರೆಂಟ್ ಗುಂಡಿ ಒತ್ತಾಕ ನಾ ಯಾರ ಹತ್ರ ಕಲಿತೆ?"

"ಫೋಟೊ ಚಲೋ ಬಂದೈತಂತ," ಎಂದ ಕುಂಥುನಾಥ, ನೀರು ಕುಡಿಯುತ್ತ.

"ನಿದ್ದಿ ಹತ್ತಿದ್ದೋ, ಎಚ್ಚರಿದ್ದದ್ದೋ?"

"ಎರಡೂ."

ಕ್ಲಾಸಿನ ದಿನ ಸೊಸೆ ಏನು ತಿನ್ನುತ್ತಾಳೆ ಎಂಬುದು ಜಿನ್ನವ್ವನನ್ನು ಬೇರೆ ಕೊರೆಯುತ್ತಿತ್ತು. ಪಾಠ ಮುಗಿಸಿ ಕೆಳಗಿಳಿಯುವಾಗ ಹೊತ್ತು ಮುಳುಗಿರುತ್ತದೆ. "ನಂದ ಆತ್ರಿ ಅತ್ತಿ, ಹಸಿವಿಲ್ಲ" ಎಂದುಬಿಡುತ್ತಾಳೆ. ಹಸಿವಿಲ್ಲದ ಹೊಟ್ಟೆಯನ್ನು ಜಿನ್ನವ್ವ ಈವರೆಗೆ ಕಂಡವಳಲ್ಲ. ಒಂದು ದಿನ ಮಾಳಿಗೆ ಗುಡಿಸುವಾಗ ಮಂಚದ ಕೆಳಗೆ ಕರದಂಟಿನ ಖಾಲಿ ಡಬ್ಬಿ ಸಿಕ್ಕಿತು. ಗೋಕಾಕದ್ದು, ಹೊಸದು. ಮಗ ಅಭಿನಂದನ ಗೋಕಾಕದ ಒಂದು ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುವವನು, ದಿನಾ ಮೋಟಾರ್ ಸೈಕಲ್ಲಿನಲ್ಲಿ ಹೋಗಿ ಬರುತ್ತಿದ್ದ. ಹೊತ್ತು ಮುಳುಗಿದ ಮೇಲೆ ಮಾಳಿಗೆಯಲ್ಲಿ ಗಂಡ ಹೆಂಡತಿ ಕರದಂಟು ತಿನ್ನುತ್ತಾರೆ ಎಂದು ಜಿನ್ನವ್ವ ಮನಸ್ಸಿನಲ್ಲೇ ತೀರ್ಪು ಕೊಟ್ಟಳು.

ಅದರ ಮೇಲೆ ಕಲ್ಲು ಬಿದ್ದಂತೆ ಇನ್ನೊಂದು ಮಾತು ಕಿವಿಗೆ ಬಿತ್ತು. ಬಚ್ಚಲಿನ ಹತ್ತಿರ ಅಭಿನಂದನ ತೃಪ್ತಿಗೆ ಹೇಳುತ್ತಿದ್ದ: "ಗೋಕಾಕದಾಗ ಒಂದ ಖೋಲಿ ಐತಂತ. ಕ್ಲಾಸಿಗೆ ಆಗತೈತಿ, ನನಗೂ ಹೋಗೂ ಬರೂ ತ್ರಾಸ ತಪ್ಪತೈತಿ. ಒಮ್ಮೆ ನೋಡು."

ಜಿನ್ನವ್ವ ಆ ದಿನ ಯಾರೊಂದಿಗೂ ಜಗಳ ಮಾಡಲಿಲ್ಲ. ಅದನ್ನು ಕಂಡು ಕುಂಥುನಾಥನಿಗೆ ಹೆದರಿಕೆಯಾಯಿತು. "ಆರಾಮ ಅದಿ ಹೌದಿಲ್ಲೋ?" ಎಂದು ಎರಡು ಸಲ ಕೇಳಿದ.

ಮುಂದಿನ ಶುಕ್ರವಾರ ತೃಪ್ತಿ, ಕ್ಯಾಮೆರಾದ ಕಣ್ಣಿಗೆ ಬೂಷ್ಟು ಹಿಡಿದಿದೆ, ಗೋಕಾಕದಲ್ಲಿ ಒಬ್ಬ ಒರೆಸಿ ಕೊಡುತ್ತಾನೆ, ಕ್ಲಾಸಿನ ಹೊತ್ತಿಗೆ ಬಂದುಬಿಡುತ್ತೇನೆ ಎಂದು ಹೇಳಿ ಬಸ್ಸು ಹತ್ತಿದಳು. ಬೂಷ್ಟಿನ ಮಾತನ್ನು ಜಿನ್ನವ್ವ ನಂಬಲಿಲ್ಲ. ಖೋಲಿ ನೋಡಲಿಕ್ಕೆ ಹೋದಳು ಎಂದುಕೊಂಡು ಒಲೆಯ ಮುಂದೆ ಕುಂತಳು. ಸೊಸೆ ಊರಲ್ಲಿಲ್ಲ, ಸಪ್ಪಳದ ಕಟ್ಟಿಲ್ಲ. ಮನಸ್ಸಿಗೆ ಬಂದಷ್ಟು ಜೋರಾಗಿ ಜೋಳದ ರೊಟ್ಟಿ ಬಡಿದಳು.

ಐದು ಹೊಡೆಯಲಿಕ್ಕೆ ಬಂದಾಗ ಕುಂಥುನಾಥನ ಮೊಬೈಲು ರಿಂಗಾಯಿತು. ಅವನು ಕೇಳಿ, ಕಿವಿಯಿಂದ ತೆಗೆದು, ಹೆಂಡತಿಯ ಕೈಗೆ ಕೊಟ್ಟ.

"ಅತ್ತಿ, ಘಟಪ್ರಭಾ ದಾಟಿ ಸ್ವಲ್ಪ ಮುಂದ ಅದೇನ್ರಿ," ತೃಪ್ತಿಯ ದನಿ ಕಡಿದು ಕಡಿದು ಬರುತ್ತಿತ್ತು. "ನಡು ರಸ್ತಾದಾಗ ಕಬ್ಬಿನ ಟ್ರ್ಯಾಕ್ಟರ್ ಬಿದ್ದೈತ್ರಿ. ಬಸ್ ಅಲ್ಲಾಡವಲ್ದು, ನೆಟ್ಟೂ ಇಲ್ಲ. ನೀವು ಲ್ಯಾಪ್‌ಟಾಪ್ ತಗದ ಅವರನ್ನೆಲ್ಲಾ ಒಳಗ ಬಿಡ್ರಿ. ನಾ ಫೋನಿನ್ಯಾಗ ಹೇಳತೇನಿ, ನೀವು ಅವರಿಗೆ ಹೇಳ್ರಿ."

"ನಾನಾ? ನಿಮ್ಮ ಮಾಮಾರಿಗೆ ಹೇಳು."

"ಮಾಮಾರ ಮಲಗ್ತಾರ್ರಿ! ಅತ್ತಿ, ನಮ್ಮ ಕ್ಲಾಸಿನ ದಾಕ್ಷಾಯಿಣಿ ನಾಳೆ ಮುಂಜಾನಿ ಕಂಬಳಿ ಫೋಟೊ ಸೊಲ್ಲಾಪುರದ ವ್ಯಾಪಾರಿಗೆ ಕಳಸಬೇಕ್ರಿ. ಇವತ್ತಿನ ಪಾಠ ಅದ್ರದ. ತಪ್ಪಿದ್ರ ಪಾಪ ಆಕಿ ವ್ಯಾಪಾರ ಕೆಡತೈತ್ರಿ."

ಪಾಪ ಎಂಬ ಮಾತು ಬಂದ ಮೇಲೆ ಜಿನ್ನವ್ವನಿಗೆ ಬೇರೆ ದಾರಿ ಉಳಿಯಲಿಲ್ಲ. ಲ್ಯಾಪ್‌ಟಾಪು ಕೆಳಗೆ ಬಂತು, ಜೋಳದ ಡಬ್ಬಿಯ ಮೇಲೆ ಕುಂತಿತು. ತೃಪ್ತಿ ಹೇಳಿದ ಹಾಗೆ ಕುಂಥುನಾಥ ಒತ್ತಬೇಕಾದ್ದನ್ನು ಒತ್ತಿದ. ಹೆಸರುಗಳ ಸಾಲು ಮೂಡಿತು, ಪ್ರತಿ ಹೆಸರಿನ ಬಾಜೂ ಒಂದು ನೀಲಿ ಗುಂಡಿ.

"ಅದನ್ನ ಒತ್ತಿದ್ರ ಒಳಗ ಬರ್ತಾರ್ರಿ," ಎಂದಳು ತೃಪ್ತಿ ಫೋನಿನಿಂದ.

"ಯಾರಿವರು? ಯಾರ ಪೈಕಿ ಅಂತ ಕೇಳದ ಹೆಂಗ ಒಳಗ ಬಿಡೂದು?"

"ಅತ್ತಿ, ಒತ್ತರಿ!"

ಒಬ್ಬೊಬ್ಬರಾಗಿ ಬಂದರು. ಬಂದವರನ್ನೆಲ್ಲ ಜಿನ್ನವ್ವ, "ಹಾಂ ಬರ್ರಿ, ಯಾವೂರು? ಅಡಗಿ ಆತೇನು?" ಎಂದು ಮಾತಾಡಿಸಿದಳು. ನಿಡಸೋಸಿಯ ಇಂಜಿನಿಯರಿಂಗ್ ಕಾಲೇಜಿನ ಉಮೇಶ ಹಾಸ್ಟೆಲಿನಲ್ಲಿ ಬರೀ ಅನ್ನ ಎಂದ. ಅವನನ್ನು ಅವಳು ಬಹಳ ಹೊತ್ತು ಬಿಡಲಿಲ್ಲ. ಕೊನೆಗೆ ಕಲ್ಲೋಳಿಯ ದಾಕ್ಷಾಯಿಣಿ ಬಂದಳು. ಕುರಿ ಸಾಕುವ ಮನೆಯ ಸೊಸೆ, ತಲೆಯ ಮೇಲೆ ಸೆರಗು. ಅವಳ ಹಿಂದೆ ಹಗ್ಗದ ಮೇಲೆ ಒಂದು ಕರಿ ಕಂಬಳಿ ಹರವಿತ್ತು. ಕಂಬಳಿಯ ಬಾಜೂ ಸೊಂಟದ ಮೇಲೆ ಕೈ ಇಟ್ಟು ಒಬ್ಬ ಮುದುಕಿ ನಿಂತಿದ್ದಳು.

"ಇವರ ನಮ್ಮ ಅತ್ತಿ, ಲಗಮವ್ವಾರು. ನಿಮಗ ಏನೋ ಕೇಳಬೇಕಂತ್ರಿ," ಎಂದಳು ದಾಕ್ಷಾಯಿಣಿ, ದನಿ ಇಳಿಸಿ.

ಲಗಮವ್ವ ಮೊಬೈಲಿಗೆ ಮೂಗು ತಾಗಿಸುವಷ್ಟು ಹತ್ತಿರ ಬಂದಳು. "ಕಲಸಾಕಿ ನೀನೇ ಏನ?"

"ನಾ ಅಲ್ಲ, ನನ್ನ ಸೊಸಿ."

"ಹಂಗಾರ ನಿನ್ನ ಸೊಸಿಗೆ ಹೇಳವ್ವಾ. ನನ್ನ ಕಂಬಳಿ ಕಾಗಿಯಂಗ ಕರ್ರಗ ಐತಿ. ಈಕಿ ಫೋಟೊ ತಗದ್ರ ಬೂದಿ ಬಳದಂಗ ಬರತೈತಿ. ಹೋದ ಸಲ ವ್ಯಾಪಾರಿ, ಹಳೀದ ಕೊಟ್ಟ ಕಳಸ್ತೀರೇನ ಅಂದ. ಹಗಲೆಲ್ಲಾ ಒಲಿ ಬಿಟ್ಟ ಈಕಿ ಕಲತದ್ದ ಇದು? ಗುಂಡಿ ಒತ್ತೂದನ್ನ ಕಲಸಾಕ ನಿಮ್ಮಾಕಿ ಫೀಸ್ ಬ್ಯಾರೆ ತಗೋತಾಳ!"

ವಾರದ ಹಿಂದೆ ತಾನೇ ಆಡಿದ ಮಾತು ಕಲ್ಲೋಳಿಯಿಂದ ತಿರುಗಿ ಬಂದದ್ದು ಜಿನ್ನವ್ವನಿಗೆ ಹೊಳೆಯಲೇ ಇಲ್ಲ. ಅವಳಿಗೆ ಕೇಳಿಸಿದ್ದು ಇಷ್ಟೇ: ಯಾರೋ ಹೊರಗಿನವಳು, ತನ್ನ ಮನೆಯ ಅಡಿಗೆಮನೆಯಲ್ಲೇ ನಿಂತಂತೆ ನಿಂತು, ತನ್ನ ಸೊಸೆಯನ್ನು ಅನ್ನುತ್ತಿದ್ದಾಳೆ.

"ಏ ತಂಗಿ, ಬರೀ ಗುಂಡಿ ಒತ್ತೂದಂದ್ರ ಏನ್ ತಿಳದೀ ನೀ?" ಎಂದಳು ಸೆರಗು ಸಿಕ್ಕಿಸಿಕೊಂಡು. "ಬೆಳಕ ಯಾವ ಕಡಿಂದ ಬಿದ್ರ ಏನ್ ಆಗತೈತಿ ಗೊತ್ತೈತಿ ನಿನಗ? ಎದುರಿಂದ ಬಿದ್ರ ಚಪ್ಪಟಿ! ಮಧ್ಯಾಹ್ನ ತಗದ್ರ ದೆವ್ವ! ಒಂದ ಹೀರೀಕಾಯಿ ಹಿಡಕೊಂಡ ಸಂಜಿ ತನಕ ಪಾಠ ಹೇಳತಾಳ ನಮ್ಮಾಕಿ. ನಿಂದ್ರಾಕ, ಕೂಡಾಕ ಪುರಸೊತ್ತಿಲ್ಲ ಆಕಿಗೆ."

ದುಂಡೇಶ ತನ್ನ ಚೌಕದಲ್ಲಿ ಚಪ್ಪಾಳೆ ಹೊಡೆದ. ಫೋನಿನ ಆ ಕಡೆ, ಬಸ್ಸಿನಲ್ಲಿ, ತೃಪ್ತಿಗೂ ಅದು ಕೇಳಿಸಿತು. ಕುಂಥುನಾಥ ಮಾತ್ರ, "ಕಂಬಳಿ ಮಾತ ಮೊದಲ ಮುಗಸ" ಎಂದ.

"ಅತ್ತಿ, ಅವರದ ಖರೆ ಐತ್ರಿ," ಎಂದಳು ತೃಪ್ತಿ. "ಕರೀದನ್ನ ಕಂಡ್ರ ಮೊಬೈಲ್, ಕತ್ತಲಿ ಐತಿ ಅಂತ ತಿಳದ, ತಾನ ಬೆಳಕ ಹೆಚ್ಚ ಮಾಡತೈತಿ. ಅದಕ್ಕ ಬೂದಿ ಬಣ್ಣ ಆಗತೈತಿ. ನಾವು ಕಡಿಮಿ ಮಾಡಬೇಕ್ರಿ. ಮೊಬೈಲ್ ಪರದಿಯಾಗ ಕಂಬಳಿ ಕಾಣತೈತಲ್ರಿ, ಅದರ ಮ್ಯಾಲೆ ಕೈಬಟ್ಟ ಇಡಾಕ ಹೇಳ್ರಿ. ಬಾಜೂಕ ಒಂದ ಸಣ್ಣ ಸೂರ್ಯ ಕಾಣತಾನ. ಆ ಸೂರ್ಯನ್ನ ಕೈಬಟ್ಟಲೆ ಕೆಳಗ ಜಗ್ಗ..."

ದನಿ ಕಡಿಯಿತು. ಜಿನ್ನವ್ವ ಎಲ್ಲರ ಕಡೆ ತಿರುಗಿದಳು. "ಎಲ್ಲಾರೂ ಕೇಳ್ರಿ. ಕರೀ ಸಾಮಾನ ಮುಂದ ಇಟಗೋರಿ. ಅದರ ಮ್ಯಾಲೆ ಬಟ್ಟ ಇಡ್ರಿ. ಸೂರ್ಯ ಬಂದನೇನ?"

"ಬಂದಾನ್ರಿ," ಎಂದರು ಎಲ್ಲರೂ.

"ಕೆಳಗ ಇಳಸ್ರಿ. ಅವಸರ ಮಾಡಬ್ಯಾಡ್ರಿ. ಸಾವಕಾಶ ಇಳಸ್ರಿ."

ಚೌಕ ಚೌಕದಲ್ಲೂ ಬೆರಳುಗಳು ಸೂರ್ಯನನ್ನು ಇಳಿಸತೊಡಗಿದವು. ದುಂಡೇಶ ಖಾನಾವಳಿಯ ಮಸಿ ಹಿಡಿದ ಕಡಾಯಿಯ ಮೇಲೆ, ಉಮೇಶ ತನ್ನ ಬೂಟಿನ ಮೇಲೆ. ಲಗಮವ್ವ ಸೊಸೆಯ ಕೈಯಿಂದ ಮೊಬೈಲು ಕಸಿದುಕೊಂಡು ತಾನೇ ಬೆರಳು ಇಟ್ಟಳು. ಸೂರ್ಯ ಒಮ್ಮೆಲೇ ತಳ ಮುಟ್ಟಿ ಎಲ್ಲ ಕತ್ತಲಾಯಿತು. "ಹೋತ!" ಎಂದು ಚೀರಿದಳು. "ಮ್ಯಾಲೆ ತಗೋ, ಮ್ಯಾಲೆ ತಗೋ," ಎಂದು ಇಲ್ಲಿಂದ ಜಿನ್ನವ್ವ ಚೀರಿದಳು, ತನ್ನ ಕೈಯಿಂದಲೇ ಏನೋ ಜಾರಿ ಬಿದ್ದಂತೆ. ಇಬ್ಬರೂ ಮುದುಕಿಯರು ಏರಿಸಿ ಇಳಿಸಿ, ಬಯ್ದು ಬೈಸಿಕೊಂಡು, ಕೊನೆಗೊಮ್ಮೆ ಕಂಬಳಿ ಕಂಬಳಿಯ ಬಣ್ಣಕ್ಕೆ ಬಂತು. ಇಳಿಬಿಸಿಲು ಬಾಜೂದಿಂದ ಬಿದ್ದು ಉಣ್ಣೆಯ ಎಳೆ ಎಳೆ ಎದ್ದು ಕಾಣುತ್ತಿತ್ತು.

ಲಗಮವ್ವ ಫೋಟೊ ನೋಡಿದಳು, ಕಂಬಳಿ ನೋಡಿದಳು, ಮತ್ತೆ ಫೋಟೊ ನೋಡಿದಳು. "ಹ್ಞೂಂ," ಎಂದಳು. ಕಲ್ಲೋಳಿಯಲ್ಲಿ ಅದು ದೊಡ್ಡ ಹೊಗಳಿಕೆ ಎಂಬುದು ದಾಕ್ಷಾಯಿಣಿಯ ಮುಖದಿಂದ ಗೊತ್ತಾಗುತ್ತಿತ್ತು.

ಆಮೇಲೆ ಇಬ್ಬರಿಗೂ ಮಾತು ನಿಲ್ಲಲಿಲ್ಲ. ಮೊಣಕಾಲಿಗೆ ಏನು ಹಚ್ಚುತ್ತೀ, ನಿನ್ನ ಮಗ ಏನು ಮಾಡುತ್ತಾನೆ, ಈಗಿನ ಸೊಸೆಯರು ಮೊಬೈಲು ಹೊಟ್ಟೆಯ ಮೇಲಿಟ್ಟುಕೊಂಡು ಮಲಗುವುದೇಕೆ. ಉಳಿದವರು ಹೊರಗೆ ಹೋಗುವುದನ್ನೇ ಮರೆತು ಕೇಳುತ್ತ ಕುಂತರು. ಎಲ್ಲರನ್ನೂ ಕಳಿಸಿ ಜಿನ್ನವ್ವ ತಲೆ ಎತ್ತಿದಾಗ ಅಂಗಳದ ಗೋಡೆಯ ಮೇಲೆ ಬಿಸಿಲಿರಲಿಲ್ಲ. ಹಂಚಿನ ಮೇಲೂ ಇರಲಿಲ್ಲ. ಓಣಿಯ ದೀಪ ಹತ್ತಿತ್ತು.

"ಅಯ್ಯ! ಊಟ?" ಎಂದಳು.

"ನಂದ ಆತು," ಎಂದ ಕುಂಥುನಾಥ. ಕೋಣೆಯ ಮೂಲೆಯಲ್ಲಿ ತನ್ನ ಪಾಡಿಗೆ ತಾನೇ ಹಾಕಿಕೊಂಡು ಉಂಡಿದ್ದ. "ಭಾಳ ದಿನಕ್ಕ ಕ್ಲಾಸಿನ ದಿನ ರೊಟ್ಟಿ ಆಗಿದ್ವು. ನಿನ್ನ ಕರೀಬೇಕಂದೆ, ನೀ ಸೂರ್ಯನ್ನ ಇಳಸಾಕತ್ತಿದ್ದಿ."

ತೃಪ್ತಿ ಮನೆ ಮುಟ್ಟಿದಾಗ ಜಿನ್ನವ್ವ ಪಡಸಾಲೆಯ ಕಂಬಕ್ಕೆ ಆನಿಕೊಂಡು ಕುಂತಿದ್ದಳು. ಹೊಟ್ಟೆ ಗುರ್ ಎನ್ನುತ್ತಿತ್ತು. ಉಪವಾಸ ಅವಳಿಗೆ ಹೊಸದೇನಲ್ಲ. ಪರ್ವದ ದಿನ ಎಷ್ಟೋ ಸಲ ಮಾಡಿದ್ದಳು. ಆದರೆ ಅದು ಮನಸ್ಸು ಮಾಡಿ ಹಿಡಿದ ಉಪವಾಸ. ಮಾಡಿದ ರೊಟ್ಟಿ ಕಣ್ಣೆದುರಿಗೆ ಬುಟ್ಟಿಯಲ್ಲಿರುವಾಗ ಹಸಿದು ಕೂಡುವುದು ಬೇರೆ ಎಂಬುದು ಅವಳಿಗೆ ಈಗ ತಿಳಿಯಿತು. ತೃಪ್ತಿ ಬ್ಯಾಗು ಇಟ್ಟು, ಅತ್ತೆಯ ಮುಖ ನೋಡಿ, ಅಡಿಗೆಮನೆ ನೋಡಿ, ಅರ್ಥ ಮಾಡಿಕೊಂಡಳು. ಬಾಜೂದಲ್ಲಿ ಬಂದು ಕುಂತಳು.

"ಎಡ ಮಗ್ಗಲಾಗಿ ಮಲಗ್ರಿ ಅತ್ತಿ," ಎಂದಳು. "ಹೊಟ್ಟಿ ಸಪ್ಪಳ ಕಡಿಮಿ ಆಗತೈತಿ. ಒಂದ ದಿಂಬ ಹೊಟ್ಟಿಗೆ ಒತ್ತಿ ಹಿಡ್ಕೊಂಡ್ರ ಲಗೂನ ನಿದ್ದಿ ಬರತೈತಿ."

ಜಿನ್ನವ್ವ ತಿರುಗಿ ನೋಡಿದಳು. "ನಿನಗ ಹೆಂಗ ಗೊತ್ತು?"

ತೃಪ್ತಿ ಮುಂಗೈಯ ಬಳೆ ಮೇಲಕ್ಕೆ ಸರಿಸಿಕೊಂಡಳು.

"ಹಂಗಾರ ಕರದಂಟ ಯಾರ ತಿಂದಾರ?"

"ಅವರು," ಎಂದಳು ತೃಪ್ತಿ. ಆಗ ತಾನೇ ಗೋಕಾಕದಿಂದ ಬಂದು ಬೂಟು ಬಿಚ್ಚುತ್ತಿದ್ದ ಅಭಿನಂದನ ಒಂದು ಬೂಟು ಕಾಲಲ್ಲೇ ಇಟ್ಟುಕೊಂಡು ನೆಟ್ಟಗೆ ಮಾಳಿಗೆ ಹತ್ತಿದ.

"ವಾರದಾಗ ಮೂರ ದಿನ ನೀ ಹಸದ ಮಲಗ್ತಿದ್ದೀ? ನನ್ನ ಮನ್ಯಾಗ?"

"ಹೊತ್ತ ಮುಣಗಿದ ಮ್ಯಾಲೆ ಹೆಂಗ ಉಣ್ಣೂದ್ರಿ? ನೀವ ಹೇಳ್ರಿ."

"ನನಗ ಹೇಳಬಾರದೇನ?"

"ಹೇಳಿದ್ರ ಕ್ಲಾಸ್ ಬಿಡಸ್ತೀರಿ ಅಂತ..."

ಜಿನ್ನವ್ವನಿಗೆ ಬಯ್ಯಬೇಕೆನಿಸಿತು. ಯಾರನ್ನು ಎಂಬುದು ತಿಳಿಯಲಿಲ್ಲ. ಬಿಡಿಸುತ್ತಿದ್ದೆ ಎಂಬುದಂತೂ ಖರೆಯೇ ಇತ್ತು. ಸೊಸೆಯ ಮುಂಗೈ ಹಿಡಿದು ನೋಡಿದಳು, ಬಳೆ ಸಡಿಲಾಗಿದ್ದವು. ದಿನಾ ಕಣ್ಣ ಮುಂದೆ ಓಡಾಡುವ ಕೈ, ತಾನು ನೋಡಿಯೇ ಇರಲಿಲ್ಲ. ಕಣ್ಣಲ್ಲಿ ನೀರು ಬರುವ ಹಾಗಾಯಿತು. ಅದನ್ನು ತಡೆಯಲಿಕ್ಕೆ ಬೇರೆ ಮಾತು ತೆಗೆದಳು.

"ಖೋಲಿ ಹೆಂಗಿತ್ತು?"

ತೃಪ್ತಿ ಬೆಚ್ಚಿದಳು. "ಯಾವ ಖೋಲಿ... ನಿಮಗ್ಯಾರ ಹೇಳಿದ್ರು?"

"ಬಚ್ಚಲ ಗ್ವಾಡಿಗೆ ಕಿವಿ ಅದಾವ. ಹೆಂಗಿತ್ತು?"

"ಚಲೋ ಇತ್ರಿ. ಆದ್ರ ಕಿಡಕಿ ಪೂರ್ವಕ್ಕೈತಿ. ಸಂಜಿ ಬೆಳಕ ಹನಿಯಷ್ಟೂ ಒಳಗ ಬರಂಗಿಲ್ಲ. ಬ್ಯಾಡಂದೆ."

"ಅಷ್ಟಕ್ಕ ಬ್ಯಾಡಂದಿ?"

"ಅಷ್ಟಕ್ಕ ಬ್ಯಾಡಂದಿದ್ದೆ," ಎಂದಳು ತೃಪ್ತಿ. "ಬಸ್ಸಿನ್ಯಾಗ ಕುಂತ ನಿಮ್ಮ ಮಾತ ಕೇಳಿದ ಮ್ಯಾಲೆ ಇನ್ನೊಂದಿಷ್ಟ ಬ್ಯಾಡ ಅನಸ್ತು."

ಜಿನ್ನವ್ವ ಎದ್ದಳು. "ನಡಿ, ಮಲಗು. ಯಾವ ಮಗ್ಗಲಂದಿ? ಎಡಕ?"

ಮರುದಿನ ಹೊತ್ತು ಹುಟ್ಟಿ ಅಂಗಳಕ್ಕೆ ಬಿಸಿಲು ಬಂದಾಗ ಅತ್ತೆ ಸೊಸೆ ಎದುರುಬದುರು ಕುಂತು ತಿಂದ ಅವಲಕ್ಕಿಯ ರಾಶಿಯ ಕತೆಯನ್ನು ಕುಂಥುನಾಥ ಮುಂದೆ ಬಹಳ ದಿನ ಬಂದವರಿಗೆಲ್ಲ ಹೇಳುತ್ತಿದ್ದ.

ಸೋಮವಾರ ಮಧ್ಯಾಹ್ನ ಉಂಡವರು ಇನ್ನೂ ಏಳುವ ಮೊದಲೇ ಎಂಬಂತೆ ಜಿನ್ನವ್ವ ಮತ್ತೆ ಒಲೆ ಹಚ್ಚಿದಳು. ನಾಲ್ಕು ಗಂಟೆಗೆಲ್ಲ ಜೋಳದ ರೊಟ್ಟಿ, ಕಾಳಿನ ಪಲ್ಲೆ, ತುಪ್ಪ ತಯಾರು.

"ಇದ ಊಟನೋ, ಚಹಾ ಜೋಡಿ ತಿನ್ನೂದೋ?" ಎಂದು ಕೇಳಿದ ಕುಂಥುನಾಥ.

"ಉಣ್ಣವರು ಉಣ್ರಿ. ಕೇಳವರು ಪೇಪರ್ ಓದ್ರಿ."

ಅವನು ಉಣ್ಣುವವರ ಸಾಲಿಗೆ ಸೇರಿದ. ತೃಪ್ತಿ ಪಾಠದ ತಯಾರಿ ಮುಗಿಸಿ ಕೆಳಗೆ ಬರುವಾಗ ಐದಕ್ಕೆ ಹತ್ತೇ ಮಿನಿಟು. ತಾಟಿನ ಮುಂದೆ ಕುಂತಳು, ಒಂದು ತುತ್ತು ಇಟ್ಟುಕೊಂಡಳು, ಲ್ಯಾಪ್‌ಟಾಪು ನೋಡಿದಳು. ಅದು ಈಗ ಅತ್ತೆಯ ಬಾಜೂದಲ್ಲಿ ಜೋಳದ ಡಬ್ಬಿಯ ಮೇಲಿತ್ತು. ಒಳಗೆ ಬಿಡುವ ಕೆಲಸ ತನ್ನದು ಎಂದು ಜಿನ್ನವ್ವ ಬೆಳಿಗ್ಗೆಯೇ ವಹಿಸಿಕೊಂಡಿದ್ದಳು. ಒಂದೊಂದೇ ಹೆಸರು ಬಂದು ಬಾಗಿಲ ಹೊರಗೆ ನಿಲ್ಲತೊಡಗಿತು. ದುಂಡೇಶ, ಉಮೇಶ, ದಾಕ್ಷಾಯಿಣಿ. ದಾಕ್ಷಾಯಿಣಿಯ ಕೆಳಗೆ ಹೊಸದಾಗಿ ಇನ್ನೊಂದು: ಲಗಮವ್ವ, ಕಲ್ಲೋಳಿ.

ಐದು ದಾಟಿತು. ತೃಪ್ತಿಯ ಮೊಬೈಲು ರಿಂಗಾಯಿತು. ಜಿನ್ನವ್ವ ಎತ್ತಿದಳು, ದುಂಡೇಶ. "ಅವ್ವಾರ, ಒಳಗ ತಗೋರಿ. ಬಿಸಲ ಇಳ್ಯಾಕತ್ತೈತಿ."

"ಮೇಡಮ್ ಊಟಕ್ಕ ಕುಂತಾರ," ಎಂದಳು ಜಿನ್ನವ್ವ. "ಅಲ್ಲೆ ನಿಂತ ಏನ ಮಾಡ್ತಿ? ಎಲ್ಲಾರಿಗೂ ಹೇಳು, ಹೊರಗ ಹೋಗಿ ಮೊದಲ ಫೋಟೊ ತಕ್ಕೊಂಡ ಬರ್ರಿ. ಆಮ್ಯಾಲೆ ಕುಂತ ನೋಡಿದ್ರ ಆತು. ಫೋಟೊ ನೋಡಾಕ ಸೂರ್ಯ ಬೇಕೇನ?"

ರೊಟ್ಟಿ ಮುರಿಯುತ್ತಿದ್ದ ತೃಪ್ತಿಯ ಕೈ ನಿಂತಿತು. ಇಷ್ಟು ದಿನ ಮೊದಲು ಪಾಠ, ಆಮೇಲೆ ಫೋಟೊ ಎಂದು, ಒಳ್ಳೆಯ ಬೆಳಕನ್ನೆಲ್ಲ ಮಾತಿನಲ್ಲೇ ಕಳೆಯುತ್ತಿದ್ದಳು. "ಅತ್ತಿ, ಇದ ಭಾಳ ಚಲೋ ಆತಲ್ರಿ," ಎಂದಳು. "ಅವರು ಬೆಳಕ ಇದ್ದಾಗ ತಗೀಲಿ, ನಾ ಆಮ್ಯಾಲೆ ತಿದ್ದತೇನಿ."

"ನೀ ಮೊದಲ ಉಣ್ಣು."

ಎರಡು ರೊಟ್ಟಿ ಮುಗಿದವು. ತೃಪ್ತಿ ಏಳಲು ಹೋದಳು. ಜಿನ್ನವ್ವ ಮೂರನೆಯದನ್ನು ತಾಟಿಗೆ ಹಾಕಿ ತುಪ್ಪ ಸುರಿದಳು.

"ಸಾಕ್ರಿ ಅತ್ತಿ, ಅವರೆಲ್ಲಾ ಬಂದ ನಿಂತಾರ."

"ನಿಂದ್ರಲಿ. ಬಾಗಲಾ ಯಾರ ಕೈಯಾಗೈತಿ?"

ತೃಪ್ತಿ ನಗುತ್ತ ಮೂರನೆಯದನ್ನೂ ಮುಗಿಸಿದಳು. ತಾಟು ಖಾಲಿಯಾದದ್ದನ್ನು ಬಗ್ಗಿ ನೋಡಿದ ಮೇಲೆ ಜಿನ್ನವ್ವ ಕೈ ತೊಳೆದಳು, ಸೆರಗಿಗೆ ಬೆರಳು ಒರೆಸಿಕೊಂಡಳು, ನೀಲಿ ಗುಂಡಿಯನ್ನು ಒಂದೊಂದಾಗಿ ಒತ್ತತೊಡಗಿದಳು.

"ಹಾಂ, ಬರ್ರಿ, ಒಬ್ಬೊಬ್ಬರ ಬರ್ರಿ. ಫೋಟೊ ಆಮ್ಯಾಲೆ ತೋರಸೀರಂತ. ಉಂಡ ಬಂದೀರೋ ಇಲ್ಲೋ, ಅದನ್ನ ಮೊದಲ ಹೇಳ್ರಿ."